ಸಿಮ್ ಕಂಪನಿಯ ಪಾಪ್‌ಅಪ್ ಮೆಸೇಜ್ ನಿಲ್ಲಿಸಬೇಕೇ? ಮೊದಲು ಅದು ಬರುವ ದಾರಿ ಹುಡುಕಿ

ಸ್ಕ್ರೀನ್ ನಡುವೆ ದಿಢೀರನೆ ಒಂದು ಚೌಕ ಏಳುತ್ತದೆ. ಅದರೊಳಗೆ ಒಂದು ಹಾಡಿನ ಜಾಹೀರಾತೋ, ಜಾತಕದ ಜಾಹೀರಾತೋ, ಕ್ರಿಕೆಟ್ ಸ್ಕೋರಿನ ಆಮಿಷವೋ ಇರುತ್ತದೆ. ಕೆಳಗೆ 'ಓಕೆ' ಮತ್ತು 'ಕ್ಯಾನ್ಸಲ್'. ಮೆಸೇಜ್ ಆಪ್ ತೆರೆದು ಹುಡುಕಿದರೆ ಅಲ್ಲಿ ಅದರ ಸುಳಿವಿಲ್ಲ. ಬ್ಲಾಕ್ ಮಾಡೋಣ ಅಂದರೆ ನಂಬರೂ ಇಲ್ಲ. ದಿನಕ್ಕೆ ನಾಲ್ಕಾರು ಸಲ ಇದೇ ಆದರೆ ಯಾರಿಗಾದರೂ ಸಾಕಾಗಿಬಿಡುತ್ತದೆ, ಅಲ್ವಾ?

ಇದನ್ನು ನಿಲ್ಲಿಸಲು ಹೊರಟವರು ಸಾಮಾನ್ಯವಾಗಿ ಕಣ್ಣಿಗೆ ಬಿದ್ದ ಸೆಟ್ಟಿಂಗ್‌ಗಳನ್ನೆಲ್ಲ ಒಂದೊಂದಾಗಿ ಆಫ್ ಮಾಡುತ್ತಾ ಹೋಗುತ್ತಾರೆ. ಕೊನೆಗೆ ಪ್ರವಾಹ, ಭೂಕಂಪದ ಎಚ್ಚರಿಕೆ ಕೊಡುವ ಸೇವೆ ಆಫ್ ಆಗಿರುತ್ತದೆ, ಜಾಹೀರಾತು ಮಾತ್ರ ಮೊದಲಿನ ಹಾಗೇ ಬರುತ್ತಿರುತ್ತದೆ. ನೋಡಲು ಒಂದೇ ಥರ ಇರುವ ಈ ಚೌಕಗಳು ಫೋನಿಗೆ ಬರುವ ದಾರಿಗಳು ಬೇರೆ ಬೇರೆ. ಕೆಲವು ಸಿಮ್ ಒಳಗಿಂದಲೇ ಏಳುತ್ತವೆ, ಕೆಲವು ಎಸ್‌ಎಂಎಸ್ ಆಗಿ ಬರುತ್ತವೆ, ಕೆಲವನ್ನು ಟವರ್ ಎಲ್ಲರಿಗೂ ಒಟ್ಟಿಗೆ ಕಳಿಸುತ್ತದೆ, ಇನ್ನು ಕೆಲವು ಫೋನಿನಲ್ಲಿರುವ ಆಪ್‌ನ ಕೆಲಸ. ಒಂದೊಂದು ದಾರಿಯನ್ನು ನಿಲ್ಲಿಸುವ ರೀತಿಯೂ ಬೇರೆ. ದಾರಿ ಗೊತ್ತಾದರೆ ಮಿಕ್ಕ ಕೆಲಸ ಹೆಚ್ಚಿನ ಸಲ ಐದು ನಿಮಿಷದ್ದು.

ಚೌಕ ಎದುರಿಗಿದ್ದಾಗ

ಮೊದಲ ಮಾತು: 'ಓಕೆ' ಒತ್ತಬೇಡಿ. ಸುಮ್ನೆ ಮಾಯವಾಗಲಿ ಎಂದು ಓಕೆ ಒತ್ತುವುದು ಎಲ್ಲರ ಅಭ್ಯಾಸ. ಆದರೆ ಕೆಲವು ಚೌಕಗಳಲ್ಲಿ ಓಕೆ ಎಂದರೆ 'ಈ ಸೇವೆ ನನಗೆ ಬೇಕು' ಎಂದು ಒಪ್ಪಿದ ಹಾಗೆ. ಆಗ ಸಿಮ್ ತಾನೇ ಹಿನ್ನೆಲೆಯಲ್ಲಿ ಒಂದು ಎಸ್‌ಎಂಎಸ್ ಕಳಿಸಬಲ್ಲದು. ಅದು ನಿಮ್ಮ 'ಸೆಂಟ್' ಪಟ್ಟಿಯಲ್ಲಿ ಕಾಣದೇ ಇರಬಹುದು. ಬ್ಯಾಲೆನ್ಸ್ ಕಡಿತವಾದಾಗಲೇ ವಿಷಯ ಗೊತ್ತಾಗುವುದು. ಕಣ್ಣು ಮಂಜಾದ ಹಿರಿಯರು, ಇಂಗ್ಲಿಷ್ ಓದಲು ಬಾರದವರು ಇದರಲ್ಲಿ ಜಾಸ್ತಿ ಹಣ ಕಳೆದುಕೊಳ್ಳುತ್ತಾರೆ. ಈ ವಿಷಯ ಬರೆಯಲು ನನಗಿರುವ ಮುಖ್ಯ ಕಾರಣವೂ ಅದೇ. ಬ್ಯಾಕ್ ಅಥವಾ ಹೋಮ್ ಒತ್ತಿ ಹೊರಬನ್ನಿ. ಆಗಲಿಲ್ಲ ಎಂದರೆ 'ಕ್ಯಾನ್ಸಲ್'.

ಹೊರಬರುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಆಂಡ್ರಾಯ್ಡ್‌ನಲ್ಲಿ ಪವರ್ ಮತ್ತು ವಾಲ್ಯೂಮ್ ತಗ್ಗಿಸುವ ಬಟನ್ ಒಟ್ಟಿಗೆ ಒತ್ತಿದರೆ ಸಾಕು. ಹೋಮ್ ಬಟನ್ ಇಲ್ಲದ ಐಫೋನ್‌ನಲ್ಲಿ ಸೈಡ್ ಬಟನ್ ಮತ್ತು ವಾಲ್ಯೂಮ್ ಏರಿಸುವ ಬಟನ್. ಈ ಚಿತ್ರ ಎರಡು ಕಡೆ ಕೆಲಸಕ್ಕೆ ಬರುತ್ತದೆ: ಮೂಲ ಹುಡುಕುವಾಗ ಮತ್ತು ಮುಂದೆ ದೂರು ಕೊಡುವಾಗ.

ಜೊತೆಗೆ ಒಂದು ವಿಷಯ ನೆನಪಿಟ್ಟುಕೊಳ್ಳಿ: ಚೌಕ ಬರುವ ಮುಂಚೆ ನೀವು ಏನು ಮಾಡುತ್ತಿದ್ದಿರಿ? ಕರೆ ಮುಗಿಸಿದಿರಾ? ಫೋನ್ ಆಗಷ್ಟೇ ಆನ್ ಆಯಿತಾ? ಯಾವುದೋ ವೆಬ್‌ಸೈಟ್ ನೋಡುತ್ತಿದ್ದಿರಾ? ಒಂದೆರಡು ದಿನ ಇದನ್ನು ಗಮನಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ತಪ್ಪು ಸಿಮ್‌ನದೋ, ಫೋನ್‌ನದೋ?

ಮನೆಯವರೋ ಗೆಳೆಯರೋ ಈ ದೂರಿನೊಂದಿಗೆ ಫೋನ್ ಕೊಟ್ಟರೆ ನಾನು ಮೊದಲು ಮಾಡುವುದು ಸಿಮ್ ಹೊರತೆಗೆಯುವ ಪರೀಕ್ಷೆ. ಫೋನ್ ಆಫ್ ಮಾಡಿ, ಸಿಮ್ ತೆಗೆದು, ವೈಫೈ ಮೇಲೆ ಅರ್ಧ ದಿನ ಬಳಸಿ. ಇ-ಸಿಮ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್ ಆಫ್ ಮಾಡಿದರಾಯಿತು. ಎರಡು ಸಿಮ್ ಇದ್ದರೆ ಒಂದನ್ನು ಮಾತ್ರ ಆಫ್ ಮಾಡಿ ನೋಡಿ, ಆಮೇಲೆ ಇನ್ನೊಂದನ್ನು. ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಂಡು ಒಂದರ ಕಾಟಕ್ಕೆ ಇನ್ನೊಂದನ್ನು ಬೈಯುವುದು ತುಂಬಾ ಸಾಮಾನ್ಯ.

ಸಿಮ್ ಇಲ್ಲದಾಗಲೂ ಚೌಕ ಬಂದರೆ ನೆಟ್‌ವರ್ಕ್ ಕಂಪನಿಗೂ ಅದಕ್ಕೂ ಸಂಬಂಧ ಕಡಿಮೆ. ಯಾವುದೋ ಆಪ್ ಅಥವಾ ಬ್ರೌಸರ್ ಅದನ್ನು ತೋರಿಸುತ್ತಿದೆ. ನೇರವಾಗಿ ಆಪ್‌ಗಳ ಭಾಗಕ್ಕೆ ಹೋಗಿ. ಸಿಮ್ ತೆಗೆದಾಗ ನಿಂತರೆ, ಅದೇ ಸಿಮ್ ಅನ್ನು ಇನ್ನೊಂದು ಫೋನಿಗೆ ಹಾಕಿ. ಚೌಕ ಸಿಮ್ ಜೊತೆ ಅಲ್ಲಿಗೂ ಹೋದರೆ ಮೂಲ ಸಿಮ್ ಅಥವಾ ನೆಟ್‌ವರ್ಕ್. ಹೊಸ ಫೋನಿನಲ್ಲಿ ಬರದೇ ಹಳೆಯದರಲ್ಲಿ ಮಾತ್ರ ಬಂದರೆ, ಆ ಫೋನಿನಲ್ಲಿರುವ ಕಂಪನಿಯ ಆಪ್ ಮೇಲೆ ಅನುಮಾನ ಪಡಿ.

ಏರೋಪ್ಲೇನ್ ಮೋಡ್ ಹಾಕಿ ನೋಡಿದರೆ ಸಾಲದೇ ಎಂದು ಕೇಳಬಹುದು. ಅದರ ಉತ್ತರವನ್ನು ಪೂರ್ತಿ ನಂಬಲಾಗದು. ಆ ಮೋಡ್‌ನಲ್ಲಿ ರೇಡಿಯೋ ನಿಲ್ಲುತ್ತದೆ, ಆದರೆ ಎಷ್ಟೋ ಫೋನ್‌ಗಳಲ್ಲಿ ಸಿಮ್‌ಗೆ ವಿದ್ಯುತ್ ಹೋಗುತ್ತಲೇ ಇರುತ್ತದೆ. ಸಿಮ್ ಒಳಗೆ ಮೊದಲೇ ಕೂತಿರುವ ಪಠ್ಯ ಆಗಲೂ ಮೇಲೆ ಬರಬಹುದು.

ಸಮಯದ ಸುಳಿವೂ ಇದೆ. ಇಲ್ಲಿ ಬರುವ ಹೊಸ ಹೆಸರುಗಳ ವಿವರ ಮುಂದೆ ಒಂದೊಂದಾಗಿ ಇದೆ. ಕರೆ ಮುಗಿದ ಕ್ಷಣದಲ್ಲಿ ಬ್ಯಾಲೆನ್ಸ್ ಸಮೇತ ಬಂದರೆ ಅದು ಬಹುಮಟ್ಟಿಗೆ ಯುಎಸ್‌ಎಸ್‌ಡಿ ಅಥವಾ ಫ್ಲ್ಯಾಶ್ ಮೆಸೇಜ್. ಹೋಮ್ ಸ್ಕ್ರೀನ್‌ಗೆ ಬಂದಾಗಲೋ, ಫೋನ್ ಆನ್ ಮಾಡಿದ ತಕ್ಷಣವೋ ಬಂದರೆ ಸಿಮ್ ಟೂಲ್‌ಕಿಟ್. ಜೋರು ಸದ್ದಿನೊಂದಿಗೆ, ಪಕ್ಕದಲ್ಲಿರುವವರ ಫೋನಿಗೂ ಅದೇ ಹೊತ್ತಿಗೆ ಬಂದರೆ ಸೆಲ್ ಬ್ರಾಡ್‌ಕಾಸ್ಟ್. ಬ್ರೌಸರ್ ಬಳಸುವಾಗ ಮಾತ್ರ ಬಂದರೆ ಅದು ವೆಬ್‌ಸೈಟಿನದು.

ಸಿಮ್ ಟೂಲ್‌ಕಿಟ್: ಹೆಚ್ಚಿನ ಕಾಟದ ಮೂಲ

ಸಿಮ್ ಅಂದರೆ ನಂಬರ್ ಇಟ್ಟುಕೊಳ್ಳುವ ಚಿಪ್ ಅಷ್ಟೇ ಎಂದು ನಾವು ಅಂದುಕೊಳ್ಳುತ್ತೇವೆ. ಅದರೊಳಗೆ ಒಂದು ಪ್ರೊಸೆಸರ್ ಇದೆ, ಮೆಮೊರಿ ಇದೆ, ಚಿಕ್ಕ ಪ್ರೋಗ್ರಾಂಗಳೂ ಓಡುತ್ತವೆ. ಆ ಪ್ರೋಗ್ರಾಂಗಳು ಫೋನಿಗೆ ಆದೇಶ ಕೊಡಲು ಅನುವಾಗುವ ಏರ್ಪಾಟೇ ಸಿಮ್ ಅಪ್ಲಿಕೇಶನ್ ಟೂಲ್‌ಕಿಟ್. 1990ರ ದಶಕದಲ್ಲಿ ಜಿಎಸ್‌ಎಂ 11.14 ಎಂಬ ಮಾನದಂಡವಾಗಿ ಇದು ಬಂತು. ಸ್ಮಾರ್ಟ್‌ಫೋನ್ ಇಲ್ಲದ ಕಾಲದಲ್ಲಿ ಸಾದಾ ಫೋನಿಗೂ ಬ್ಯಾಂಕಿಂಗ್, ಸುದ್ದಿಯಂಥ ಸೇವೆಗಳ ಮೆನು ಕೊಡುವುದು ಇದರ ಉದ್ದೇಶ. ಉದ್ದೇಶ ಒಳ್ಳೆಯದೇ. ಕೆನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾ ಹಣ ಕಳಿಸುವ ಸೇವೆ ಕೋಟ್ಯಂತರ ಜನರನ್ನು ತಲುಪಿದ್ದು ಇದೇ ಸಿಮ್ ಮೆನುವಿನ ಮೂಲಕ.

ಕೆಲಸ ನಡೆಯುವುದು ಹೀಗೆ. ಫೋನ್ ಆಗಾಗ ಸಿಮ್ ಅನ್ನು ವಿಚಾರಿಸುತ್ತಿರುತ್ತದೆ. ಹೇಳಲು ಏನಾದರೂ ಇದ್ದರೆ ಸಿಮ್ ತನ್ನ ಉತ್ತರದಲ್ಲಿ ಸುಳಿವು ಕೊಡುತ್ತದೆ. ಆಗ ಫೋನ್ ಆ ಆದೇಶ ತರಿಸಿಕೊಂಡು ಪಾಲಿಸುತ್ತದೆ. 'ಈ ಪಠ್ಯ ತೋರಿಸು', 'ಪಟ್ಟಿಯಿಂದ ಆರಿಸಲು ಹೇಳು', 'ಎಸ್‌ಎಂಎಸ್ ಕಳಿಸು' ಇವೆಲ್ಲ ಅಂಥ ಆದೇಶಗಳು. ಇದರ ಮೇಲೆ, ಕೆಲವು ಘಟನೆ ನಡೆದಾಗ ತನಗೆ ತಿಳಿಸುವಂತೆ ಸಿಮ್ ಫೋನಿಗೆ ಹೇಳಿಟ್ಟಿರಬಹುದು: ಕರೆ ಮುಗಿದಾಗ, ಬಳಕೆದಾರರು ಕೀಲಿ ಒತ್ತಿದಾಗ, ಸ್ಕ್ರೀನ್ ಖಾಲಿಯಾದಾಗ, ಇರುವ ಪ್ರದೇಶದ ನೆಟ್‌ವರ್ಕ್ ಸ್ಥಿತಿ ಬದಲಾದಾಗ. 'ನಾನು ಫೋನ್ ಮುಟ್ಟಿದ ಕೂಡಲೇ ಜಾಹೀರಾತು ಬರುತ್ತೆ' ಎಂದು ಯಾರಾದರೂ ಹೇಳಿದರೆ ಅದು ಭ್ರಮೆಯಲ್ಲ. ಮಾನದಂಡದಲ್ಲೇ ಅದಕ್ಕೆ ಅವಕಾಶ ಇದೆ.

ಪಠ್ಯ ತೋರಿಸುವ ಆದೇಶದಲ್ಲಿ ಎರಡು ದರ್ಜೆಗಳಿವೆ. ಸಾಮಾನ್ಯ ದರ್ಜೆಯದಾದರೆ, ಸ್ಕ್ರೀನ್ ಬೇರೆ ಕೆಲಸದಲ್ಲಿದ್ದಾಗ ಫೋನ್ 'ಈಗ ಆಗದು' ಎಂದು ಸಿಮ್‌ಗೆ ಉತ್ತರಿಸಬಹುದು. ಮೇಲಿನ ದರ್ಜೆಯದಾದರೆ ಏನೇ ನಡೆಯುತ್ತಿದ್ದರೂ ಮೇಲೆ ತರಬೇಕು. ಕೆಲವು ಚೌಕಗಳು ಹೋಮ್ ಸ್ಕ್ರೀನ್‌ನಲ್ಲಿ ಮಾತ್ರ ಕಾಣುವುದಕ್ಕೆ, ಇನ್ನು ಕೆಲವು ವಿಡಿಯೋ ನೋಡುವಾಗಲೂ ಅಡ್ಡ ಬರುವುದಕ್ಕೆ ಇದು ಕಾರಣ.

ಈಗ ನಿಲ್ಲಿಸುವ ವಿಚಾರ. ಆಂಡ್ರಾಯ್ಡ್ ಫೋನಿನ ಆಪ್ ಪಟ್ಟಿಯಲ್ಲಿ 'ಸಿಮ್ ಟೂಲ್‌ಕಿಟ್' ಎಂಬ ಐಕಾನ್ ಹುಡುಕಿ. ಕೆಲವು ಫೋನ್‌ಗಳಲ್ಲಿ ಅದಕ್ಕೆ ನಿಮ್ಮ ನೆಟ್‌ವರ್ಕ್ ಕಂಪನಿಯ ಹೆಸರೇ ಇರುತ್ತದೆ. ಸಿಮ್ ತೆಗೆದರೆ ಈ ಐಕಾನ್ ಕೂಡ ಮಾಯವಾಗುವುದುಂಟು. ಅದನ್ನು ತೆರೆಯಿರಿ. ಒಳಗಿನ ಮೆನು ಕಂಪನಿಯಿಂದ ಕಂಪನಿಗೆ ಬೇರೆ. ಆದರೂ ಫ್ಲ್ಯಾಶ್, ಅಲರ್ಟ್, ಸೇವೆಗಳು, ಸೆಟ್ಟಿಂಗ್ಸ್, ಆಕ್ಟಿವೇಶನ್ ಇಂಥ ಹೆಸರಿನ ಕಡೆ ನೋಡಿ. ಆ ಹೆಸರುಗಳ ಒಳಗೆ ಎಲ್ಲೋ 'ಸ್ಟಾಪ್', 'ಆಫ್' ಅಥವಾ 'ಡಿಆಕ್ಟಿವೇಟ್' ಇರುತ್ತದೆ. ಅದನ್ನು ಆರಿಸಿದಾಗ ಖಚಿತಪಡಿಸಲು ಒಂದು ಚೌಕ ಬರುತ್ತದೆ. ಇಲ್ಲಿ ಮಾತ್ರ ಓಕೆ ಒತ್ತಬೇಕು, ಅದೂ ಪೂರ್ತಿ ಓದಿದ ಮೇಲೆ. ಮೆನುವಿನಲ್ಲಿ ಮಿಕ್ಕಿದ್ದನ್ನು ಕುತೂಹಲಕ್ಕೆಂದು ಒತ್ತಿ ನೋಡಬೇಡಿ. ಹಣ ತೆಗೆದುಕೊಳ್ಳುವ ಸೇವೆಗಳೂ ಅಲ್ಲೇ ಪಕ್ಕದಲ್ಲಿ ಇರುತ್ತವೆ.

ಇದೇ ಸರಿಯಾದ ಪರಿಹಾರ ಎಂದು ನನ್ನ ಅಭಿಪ್ರಾಯ. ಇದು ಬುಡದಲ್ಲೇ ನಿಲ್ಲಿಸುತ್ತದೆ, ಬೇರೆ ಯಾವುದನ್ನೂ ಕೆಡಿಸುವುದಿಲ್ಲ.

ಮೆನುವಿನಲ್ಲಿ ಅಂಥ ಆಯ್ಕೆ ಇಲ್ಲದಿದ್ದರೆ ಫೋನ್ ಕಡೆಯಿಂದ ತಡೆಯಬೇಕು. ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಪಟ್ಟಿಗೆ ಹೋಗಿ, ಮೇಲಿನ ಮೂರು ಚುಕ್ಕಿ ಒತ್ತಿ ಸಿಸ್ಟಂ ಆಪ್‌ಗಳನ್ನೂ ತೋರಿಸಲು ಹೇಳಿ. ಸಿಮ್ ಟೂಲ್‌ಕಿಟ್ ಸಿಕ್ಕಮೇಲೆ ಅದರ ನೋಟಿಫಿಕೇಶನ್ ಆಫ್ ಮಾಡಿ. ಮೇಲಿನ ಪಟ್ಟಿಯಲ್ಲಿ ಅಂಟಿಕೊಂಡು ಕೂರುವ ಸಾಲುಗಳು ಇದರಿಂದ ಹೋಗುತ್ತವೆ. ನಡುವೆ ಏಳುವ ಚೌಕ ಎಲ್ಲ ಫೋನ್‌ಗಳಲ್ಲೂ ಇದರಿಂದ ನಿಲ್ಲುವುದಿಲ್ಲ. ಅದೇ ಪುಟದಲ್ಲಿ 'ಡಿಸೇಬಲ್' ಬಟನ್ ಇದ್ದರೆ ಒತ್ತಬಹುದು. ಎಷ್ಟೋ ಫೋನ್‌ಗಳಲ್ಲಿ ಅದು ಮಸುಕಾಗಿರುತ್ತದೆ, ಒತ್ತಲಾಗದು. 'ಫೋರ್ಸ್ ಸ್ಟಾಪ್' ಮಾಡಿದರೆ ಮುಂದಿನ ಸಲ ಫೋನ್ ಆನ್ ಆಗುವವರೆಗೆ ಮಾತ್ರ ನೆಮ್ಮದಿ.

ಕೊನೆಯ ದಾರಿ ಕಂಪ್ಯೂಟರ್ ಜೋಡಿಸಿ ಮಾಡುವುದು. ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗೆ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕಂಪ್ಯೂಟರಿನ ಎಡಿಬಿ ಎಂಬ ಸಾಧನದಿಂದ ಸಿಮ್ ಟೂಲ್‌ಕಿಟ್ ಪ್ಯಾಕೇಜನ್ನು ನಿಮ್ಮ ಬಳಕೆದಾರ ಖಾತೆಗೆ ಮಾತ್ರ ನಿಷ್ಕ್ರಿಯ ಮಾಡಬಹುದು. ರೂಟ್ ಮಾಡುವ, ಅಂದರೆ ಫೋನಿನ ಸಿಸ್ಟಂ ಮೇಲೆ ಪೂರ್ತಿ ಹಿಡಿತ ಪಡೆಯುವ, ಅಗತ್ಯವಿಲ್ಲ. ಬೇಕೆಂದಾಗ ಅದೇ ಸಾಧನದಿಂದ ಮತ್ತೆ ಸಕ್ರಿಯ ಮಾಡಬಹುದು. ಕೆಲಸ ಮುಗಿದ ಮೇಲೆ ಡಿಬಗ್ಗಿಂಗ್ ಆಫ್ ಮಾಡುವುದನ್ನು ಮರೆಯಬೇಡಿ. ಆದರೆ ಹೀಗೆ ಮಾಡುವ ಮೊದಲು ಯೋಚಿಸಿ: ಸಿಮ್ ಮೆನುವಿನ ಮೂಲಕ ನೀವು ಹಣ ಕಳಿಸುತ್ತೀರಾ, ಬ್ಯಾಂಕ್ ವ್ಯವಹಾರ ಮಾಡುತ್ತೀರಾ, ಗುರುತಿನ ದೃಢೀಕರಣ ಕೊಡುತ್ತೀರಾ? ಹಾಗಿದ್ದರೆ ಅವೆಲ್ಲವೂ ನಿಂತುಹೋಗುತ್ತವೆ. ಅಂಥವರು ಈ ದಾರಿಗೆ ಹೋಗದಿರುವುದೇ ಲೇಸು.

ಐಫೋನ್‌ನಲ್ಲಿ ಈ ಮೆನು ಸೆಟ್ಟಿಂಗ್ಸ್‌ನ ಮೊಬೈಲ್ ಅಥವಾ ಸೆಲ್ಯುಲಾರ್ ಭಾಗದಲ್ಲಿ 'ಸಿಮ್ ಅಪ್ಲಿಕೇಶನ್ಸ್' ಎಂಬ ಹೆಸರಿನಲ್ಲಿದೆ. ಒಳಗಿನ ಆಯ್ಕೆಗಳಿಂದ ಸೇವೆ ನಿಲ್ಲಿಸಬಹುದು. ಟೂಲ್‌ಕಿಟ್ಟನ್ನೇ ಆಫ್ ಮಾಡುವ ಸ್ವಿಚ್ ಆಪಲ್ ಕೊಟ್ಟಿಲ್ಲ. ಬಟನ್ ಇರುವ ಸಾದಾ ಫೋನ್‌ಗಳಲ್ಲಿ ಮುಖ್ಯ ಮೆನುವಿನಲ್ಲೋ, ಆಪ್ಸ್ ಅಥವಾ ಎಕ್ಸ್‌ಟ್ರಾಸ್ ಒಳಗೋ ಸಿಮ್ ಕಂಪನಿಯ ಹೆಸರಿನ ಸಾಲು ಇರುತ್ತದೆ. ಹಿರಿಯರ ಕೈಯಲ್ಲಿ ಇರುವುದು ಹೆಚ್ಚಾಗಿ ಇಂಥ ಫೋನ್. ಅವರ ಪರವಾಗಿ ನೀವೇ ಕೂತು ಇದನ್ನು ಒಮ್ಮೆ ಆಫ್ ಮಾಡಿಕೊಡಿ.

ಒಂದು ಮಾತು ಸೇರಿಸಬೇಕು. 2019ರಲ್ಲಿ 'ಸಿಮ್‌ಜ್ಯಾಕರ್' ಎಂಬ ದೋಷ ಬೆಳಕಿಗೆ ಬಂತು. ಕೆಲವು ಸಿಮ್‌ಗಳ ಒಳಗಿರುವ ಹಳೆಯ ಬ್ರೌಸರ್ ಪ್ರೋಗ್ರಾಂಗೆ ವಿಶೇಷ ಎಸ್‌ಎಂಎಸ್ ಕಳಿಸಿ, ಫೋನ್ ಇರುವ ಜಾಗದ ಮಾಹಿತಿ ಪಡೆಯಬಹುದಿತ್ತು. ಬಳಕೆದಾರರಿಗೆ ಏನೂ ಕಾಣುತ್ತಿರಲಿಲ್ಲ. ನಿಮ್ಮ ಸಿಮ್ ತೀರಾ ಹಳೆಯದಾಗಿದ್ದರೆ ಅದೇ ನಂಬರಿಗೆ ಹೊಸ ಸಿಮ್ ಪಡೆಯುವುದು ಈ ಕಾರಣಕ್ಕೂ ಒಳ್ಳೆಯದು.

ಫ್ಲ್ಯಾಶ್ ಮೆಸೇಜ್

ಎಸ್‌ಎಂಎಸ್‌ಗಳಲ್ಲಿ ನಾಲ್ಕು ವರ್ಗಗಳಿವೆ, 0ಯಿಂದ 3ರವರೆಗೆ. ವರ್ಗ 1 ಫೋನ್ ಮೆಮೊರಿಗೆ, ವರ್ಗ 2 ಸಿಮ್‌ಗೆ, ವರ್ಗ 3 ಫೋನಿಗೆ ಜೋಡಿಸಿದ ಬೇರೆ ಸಾಧನಕ್ಕೆ. ವರ್ಗ 0 ಎಂದು ಗುರುತು ಹಾಕಿ ಕಳಿಸಿದರೆ ಫೋನ್ ಅದನ್ನು ಕೂಡಲೇ ಸ್ಕ್ರೀನ್ ಮೇಲೆ ತೋರಿಸಬೇಕು, ತಾನಾಗಿ ಉಳಿಸಬೇಕಿಲ್ಲ. ಇದೇ ಫ್ಲ್ಯಾಶ್ ಮೆಸೇಜ್. ಇನ್‌ಬಾಕ್ಸ್‌ನಲ್ಲಿ ಸಿಗದೇ ಇರುವುದು ಇದಕ್ಕೇ.

ಗುರುತಿಸುವುದು ಸುಲಭ. ಆಂಡ್ರಾಯ್ಡ್‌ನಲ್ಲಿ ಇದರ ಕೆಳಗೆ ಸಾಮಾನ್ಯವಾಗಿ 'ಸೇವ್' ಎಂಬ ಬಟನ್ ಇರುತ್ತದೆ. ಸಿಮ್ ಟೂಲ್‌ಕಿಟ್ ಚೌಕದಲ್ಲಿ ಅದು ಇರುವುದಿಲ್ಲ. ಸೇವ್ ಒತ್ತಿದರೆ ಮೆಸೇಜ್ ಇನ್‌ಬಾಕ್ಸ್‌ಗೆ ಬರುತ್ತದೆ. ಆಗ ಕಳಿಸಿದವರ ಹೆಸರು ಅಥವಾ ನಂಬರ್ ಗೊತ್ತಾಗುತ್ತದೆ. ಒಂದು ಸಲವಾದರೂ ಹೀಗೆ ಉಳಿಸಿ ನೋಡಿ. ದೂರು ಕೊಡಲು ಇದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ಇದನ್ನು ಆಫ್ ಮಾಡುವ ಪ್ರತ್ಯೇಕ ಸ್ವಿಚ್ ಹೆಚ್ಚಿನ ಫೋನ್‌ಗಳಲ್ಲಿ ಇಲ್ಲ. 2013ರಲ್ಲಿ ಬಂದ ಆಂಡ್ರಾಯ್ಡ್ 4.4ರಿಂದ ಎಸ್‌ಎಂಎಸ್ ಸ್ವೀಕರಿಸಿ ಉಳಿಸುವ ಜವಾಬ್ದಾರಿ ಡೀಫಾಲ್ಟ್ ಮೆಸೇಜ್ ಆಪ್‌ನದು. ಹಾಗಾಗಿ ಬೇರೊಂದು ನಂಬಿಕಸ್ಥ ಮೆಸೇಜ್ ಆಪ್ ಅನ್ನು ಡೀಫಾಲ್ಟ್ ಮಾಡಿ ನೋಡುವುದು ಒಂದು ಪ್ರಯೋಗ. ಫ್ಲ್ಯಾಶ್ ಮೆಸೇಜನ್ನು ಹೇಗೆ ತೋರಿಸಬೇಕು ಎಂಬುದರಲ್ಲಿ ಆಪ್‌ಗಳ ನಡುವೆ ವ್ಯತ್ಯಾಸ ಇರುತ್ತದೆ. ಆದರೆ ಮೆಸೇಜ್ ಆಪ್ ಎಂದರೆ ನಿಮ್ಮ ಒಟಿಪಿಗಳೆಲ್ಲ ಅದರ ಕೈಗೆ ಹೋಗುತ್ತವೆ. ಹೆಸರು ಕೇಳದ ಆಪ್‌ಗೆ ಈ ಜಾಗ ಕೊಡಬೇಡಿ. ಪಾಪ್‌ಅಪ್ ಕಾಟವೇ ವಾಸಿ.

ಹಳೆಯ ಫೋನ್‌ಗಳಲ್ಲಿ ಮತ್ತು ಕೆಲವು ಸ್ಯಾಮ್‌ಸಂಗ್ ಫೋನ್‌ಗಳ ಮೆಸೇಜ್ ಸೆಟ್ಟಿಂಗ್ಸ್‌ನಲ್ಲಿ 'ಪುಶ್ ಮೆಸೇಜ್' ಅಥವಾ 'ಸರ್ವಿಸ್ ಮೆಸೇಜ್' ಎಂಬ ಆಯ್ಕೆ ಇರುತ್ತದೆ. ಅದು ಫ್ಲ್ಯಾಶ್ ಅಲ್ಲ, ಲಿಂಕ್ ಹೊತ್ತು ತರುವ ಇನ್ನೊಂದು ಬಗೆ. ಅದನ್ನೂ ಆಫ್ ಮಾಡಿ.

ಫ್ಲ್ಯಾಶ್ ಮೆಸೇಜ್ ಕಳಿಸಲು ನೆಟ್‌ವರ್ಕ್ ಕಂಪನಿಯೇ ಆಗಬೇಕೆಂದಿಲ್ಲ. ಒಟ್ಟಿಗೆ ತುಂಬಾ ಜನರಿಗೆ ಕಳಿಸುವ ಬಲ್ಕ್ ಎಸ್‌ಎಂಎಸ್ ಸೇವೆ ಪಡೆದ ಯಾರಾದರೂ ಕಳಿಸುವ ಸಾಧ್ಯತೆ ಇದೆ. ಸ್ಕ್ರೀನ್ ನಡುವೆ ಗಂಭೀರವಾಗಿ ಬಂದಿತು ಎಂದು ಅದನ್ನು ನಂಬಿ ಲಿಂಕ್ ತೆರೆಯುವುದು, ಅದರಲ್ಲಿರುವ ನಂಬರಿಗೆ ಕರೆ ಮಾಡುವುದು ಬೇಡ.

ಯುಎಸ್‌ಎಸ್‌ಡಿ

ಸ್ಟಾರ್‌ನಿಂದ ಶುರುವಾಗಿ ಹ್ಯಾಶ್‌ನಲ್ಲಿ ಮುಗಿಯುವ ಸಂಖ್ಯೆ ಒತ್ತಿ ಬ್ಯಾಲೆನ್ಸ್ ನೋಡುತ್ತೀರಲ್ಲ, ಅದೇ ವ್ಯವಸ್ಥೆ ಇದು. ನೀವು ಕೇಳದಿದ್ದರೂ ನೆಟ್‌ವರ್ಕ್ ತಾನಾಗಿ ಹೀಗೆ ಪಠ್ಯ ಕಳಿಸಬಲ್ಲದು. ಕರೆ ಮುಗಿದ ಮೇಲೆ 'ಇಷ್ಟು ಕಡಿತವಾಯಿತು, ಇಷ್ಟು ಉಳಿದಿದೆ' ಎಂಬ ಚೌಕ ಬರುವುದು ಹೀಗೆ. ಒಂದು ಪಠ್ಯಕ್ಕೆ 182 ಇಂಗ್ಲಿಷ್ ಅಕ್ಷರಗಳ ಮಿತಿ ಇದೆ. ಬ್ಯಾಲೆನ್ಸ್ ತಿಳಿಸಿ ಉಳಿದ ಜಾಗದಲ್ಲಿ ಜಾಹೀರಾತು ತುರುಕುವುದರಿಂದ ವಾಕ್ಯ ಅರ್ಧಕ್ಕೆ ನಿಂತಂತೆ ಕಾಣುತ್ತದೆ.

ಇದನ್ನು ತೋರಿಸುವುದು ಫೋನಿನ ಕರೆ ವ್ಯವಸ್ಥೆಯೇ. ಹಾಗಾಗಿ ಆಫ್ ಮಾಡಲು ಸೆಟ್ಟಿಂಗ್ ಇಲ್ಲ. ಚೌಕಗಳನ್ನು ತಾನೇ ಮುಚ್ಚುತ್ತೇನೆ ಎಂದು ಹೇಳುವ ಆಪ್‌ಗಳಿವೆ. ಅವು ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಆ ಅನುಮತಿ ಸಿಕ್ಕರೆ ನಿಮ್ಮ ಸ್ಕ್ರೀನ್ ಮೇಲಿನ ಪಠ್ಯ ಓದಬಹುದು, ನಿಮ್ಮ ಪರವಾಗಿ ಬಟನ್ ಒತ್ತಬಹುದು. ಬ್ಯಾಂಕ್ ಆಪ್ ಇರುವ ಫೋನಿನಲ್ಲಿ ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಯುಎಸ್‌ಎಸ್‌ಡಿ ನಿಲ್ಲಿಸಬೇಕಾದದ್ದು ಕಂಪನಿ. ಗ್ರಾಹಕ ಸೇವೆಗೆ ಹೇಳಿ ನಿಲ್ಲಿಸಿ.

ಸೆಲ್ ಬ್ರಾಡ್‌ಕಾಸ್ಟ್: ಇಲ್ಲಿ ಕೈ ಹಾಕುವಾಗ ನಿಧಾನ

ಎಸ್‌ಎಂಎಸ್ ಒಂದು ನಂಬರಿಗೆ ಹೋಗುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ಹಾಗಲ್ಲ. ಟವರ್ ತನ್ನ ವ್ಯಾಪ್ತಿಯಲ್ಲಿರುವ ಎಲ್ಲ ಫೋನ್‌ಗಳಿಗೂ ಒಂದೇ ಸಲ ರೇಡಿಯೋ ಪ್ರಸಾರದಂತೆ ಬಿತ್ತುತ್ತದೆ. ಯಾರ ನಂಬರೂ ಬೇಕಿಲ್ಲ, ಯಾರಿಗೆ ತಲುಪಿತು ಎಂಬ ಲೆಕ್ಕವೂ ಇರುವುದಿಲ್ಲ. ಲಕ್ಷಾಂತರ ಎಸ್‌ಎಂಎಸ್ ಕಳಿಸಲು ಹೋದರೆ ನೆಟ್‌ವರ್ಕ್ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ರಾಡ್‌ಕಾಸ್ಟ್ ಆ ದಟ್ಟಣೆಯಲ್ಲೂ ತಲುಪುತ್ತದೆ. ಸುನಾಮಿ, ಚಂಡಮಾರುತ, ಪ್ರವಾಹದ ಎಚ್ಚರಿಕೆಗೆ ಹಲವು ದೇಶಗಳು ಇದನ್ನೇ ಆರಿಸಿಕೊಂಡಿರುವುದು ಅದಕ್ಕೆ.

ಒಳಗೆ ಇದು ಚಾನೆಲ್ ಸಂಖ್ಯೆಗಳಾಗಿ ಹಂಚಿಹೋಗಿದೆ. 4370 ಅತಿ ಗಂಭೀರ ಎಚ್ಚರಿಕೆಗೆ ಮೀಸಲು. 50 ಎಂಬ ಚಾನೆಲ್ಲಿನಲ್ಲಿ ಹಿಂದೆ ಪ್ರದೇಶದ ಹೆಸರು ಬರುತ್ತಿತ್ತು. ಬ್ರೆಜಿಲ್‌ನ ಫೋನ್‌ಗಳಿಗೆಂದು ಆಂಡ್ರಾಯ್ಡ್‌ನಲ್ಲಿ ಅದಕ್ಕೆ ಪ್ರತ್ಯೇಕ ಆಯ್ಕೆಯನ್ನೇ ಇಟ್ಟಿದ್ದರು. ಹಳೆಯ ಸಾದಾ ಫೋನ್‌ಗಳಲ್ಲಿ ಕೆಲವು ಕಂಪನಿಗಳು ಇಂಥ ಚಾನೆಲ್‌ಗಳಲ್ಲಿ ಜಾಹೀರಾತು ಬಿಡುತ್ತಿದ್ದವು. ನಿಮ್ಮ ಫೋನ್ ಅಂಥದ್ದಾದರೆ ಮೆಸೇಜ್ ಸೆಟ್ಟಿಂಗ್ಸ್‌ನಲ್ಲಿ 'ಇನ್ಫೋ ಮೆಸೇಜ್', 'ಬ್ರಾಡ್‌ಕಾಸ್ಟ್' ಅಥವಾ 'ಸೆಲ್ ಇನ್ಫೋ' ಎಂದು ಹುಡುಕಿ, ಬೇಡದ ಚಾನೆಲ್ ಸಂಖ್ಯೆ ಅಳಿಸಿ.

ಇವತ್ತಿನ ಆಂಡ್ರಾಯ್ಡ್‌ನಲ್ಲಿ ಇದು ಸೆಟ್ಟಿಂಗ್ಸ್‌ನ 'ಸುರಕ್ಷತೆ ಮತ್ತು ತುರ್ತು' ಭಾಗದಲ್ಲಿ 'ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್' ಎಂದು ಇರುತ್ತದೆ. ಕೆಲವು ಫೋನ್‌ಗಳಲ್ಲಿ ಮೆಸೇಜ್ ಆಪ್‌ನ ಸೆಟ್ಟಿಂಗ್ಸ್ ಒಳಗೆ. ಐಫೋನ್‌ನಲ್ಲಿ ನೋಟಿಫಿಕೇಶನ್ಸ್ ಪುಟದ ತೀರಾ ಕೆಳಗೆ. ಪರೀಕ್ಷಾ ಎಚ್ಚರಿಕೆಗಳು ತೊಂದರೆ ಅನಿಸಿದರೆ ಅವನ್ನು ಮಾತ್ರ ಆಫ್ ಮಾಡಿ. ಜೀವಕ್ಕೆ ಅಪಾಯ ಇರುವ ಎಚ್ಚರಿಕೆಗಳನ್ನು ದಯವಿಟ್ಟು ಮುಟ್ಟಬೇಡಿ. ಪಾಪ್‌ಅಪ್ ಜಾಹೀರಾತು ನಿಲ್ಲಿಸಲು ಇದನ್ನು ಆಫ್ ಮಾಡಿ ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಸ್ಮಾರ್ಟ್‌ಫೋನ್‌ಗೆ ಬರುವ ಜಾಹೀರಾತು ಚೌಕ ಹೆಚ್ಚಾಗಿ ಈ ದಾರಿಯದಲ್ಲ. ಯಾರದೋ ಮಾತು ಕೇಳಿ ಈಗಾಗಲೇ ಆಫ್ ಮಾಡಿದ್ದರೆ ಇವತ್ತೇ ಆನ್ ಮಾಡಿ.

ಆಪ್ ಮತ್ತು ಬ್ರೌಸರ್

ಕಂಪನಿಯ ಮೂಲಕ ಕೊಂಡ ಫೋನ್‌ಗಳಲ್ಲಿ ಅದರ ಆಪ್ ಮೊದಲೇ ಕೂತಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಇನ್ನೊಂದು ಏರ್ಪಾಟಿದೆ: ಫೋನಿನಲ್ಲಿ ಸುಪ್ತವಾಗಿರುವ ಕಂಪನಿ ಆಪ್, ಆ ಕಂಪನಿಯ ಸಿಮ್ ಹಾಕಿದಾಗ ಎಚ್ಚರಗೊಳ್ಳಬಹುದು. 2015ರ ಆಂಡ್ರಾಯ್ಡ್ 5.1ರಿಂದ ಸಿಮ್ ಒಳಗಿರುವ ಪ್ರಮಾಣಪತ್ರದ ಗುರುತು ಹೊಂದಿಕೆಯಾದರೆ ಅಂಥ ಆಪ್‌ಗೆ ವಿಶೇಷ ಹಕ್ಕುಗಳೂ ಸಿಗುತ್ತವೆ. ಸಿಮ್ ತೆಗೆದಾಗ ನಿಂತು, ಬೇರೆ ಫೋನಿಗೆ ಹಾಕಿದಾಗ ಬಾರದೇ ಇದ್ದ ಚೌಕದ ಗುಟ್ಟು ಇದೇ ಇರಬಹುದು.

ಪತ್ತೆ ಹಚ್ಚಲು ನೋಟಿಫಿಕೇಶನ್ ಹಿಸ್ಟರಿ ನೋಡಿ. 2020ರ ಆಂಡ್ರಾಯ್ಡ್ 11ರಿಂದ ಇದು ಇದೆ, ಆದರೆ ನೀವೇ ಮೊದಲು ಆನ್ ಮಾಡಬೇಕು. ಆಮೇಲೆ 'ಸ್ಪೆಷಲ್ ಆಪ್ ಆಕ್ಸೆಸ್' ಒಳಗೆ 'ಡಿಸ್‌ಪ್ಲೇ ಓವರ್ ಅದರ್ ಆಪ್ಸ್' ಪಟ್ಟಿ ತೆರೆಯಿರಿ. ಬೇರೆ ಆಪ್‌ಗಳ ಮೇಲೆ ಚೌಕ ಬಿಡಿಸುವ ಹಕ್ಕು ಯಾರ್ಯಾರಿಗೆ ಇದೆ ಎಂದು ಗೊತ್ತಾಗುತ್ತದೆ. ಕಂಪನಿಯ ಆಪ್‌ಗೂ, ಟಾರ್ಚ್, ಕ್ಲೀನರ್, ಕಾಲರ್ ಐಡಿಯಂಥ ಆಪ್‌ಗಳಿಗೂ ಇದು ಬೇಕೇ ಎಂದು ನೋಡಿ ತೆಗೆದುಹಾಕಿ. ಕರೆ ಮುಗಿದ ಕೂಡಲೇ ಪೂರ್ತಿ ಸ್ಕ್ರೀನ್ ತುಂಬುವ ಜಾಹೀರಾತು ಹೆಚ್ಚಿನ ಸಲ ಕಾಲರ್ ಐಡಿ ಆಪ್‌ನದು. ಅದಕ್ಕೆ ಸಿಮ್ ಕಂಪನಿಯನ್ನು ಬೈದು ಫಲವಿಲ್ಲ. ಬಿಲ್, ರೀಚಾರ್ಜ್ ನೆನಪಿಗೆ ಕಂಪನಿಯ ಆಪ್ ಬೇಕೇ ಬೇಕು ಎಂದಿದ್ದರೆ, ಆಂಡ್ರಾಯ್ಡ್ 8ರಿಂದ ನೋಟಿಫಿಕೇಶನ್‌ಗಳನ್ನು ಬಗೆಬಗೆಯಾಗಿ ಆಫ್ ಮಾಡಬಹುದು. 'ಆಫರ್ಸ್', 'ಪ್ರೊಮೋಶನ್ಸ್' ಎಂಬವನ್ನು ಮಾತ್ರ ತೆಗೆಯಿರಿ.

ಬ್ರೌಸರ್ ನೋಟಿಫಿಕೇಶನ್‌ನಲ್ಲಿ ಸಣ್ಣಕ್ಷರದಲ್ಲಿ ವೆಬ್‌ಸೈಟಿನ ವಿಳಾಸ ಇರುತ್ತದೆ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ತೆರೆದು ಆ ವಿಳಾಸದ ಅನುಮತಿ ಹಿಂಪಡೆಯಿರಿ. 'ನಿಮ್ಮ ಸಿಮ್ ಬಂದ್ ಆಗಲಿದೆ' ಎಂದು ಹೆದರಿಸುವ ಚೌಕಗಳು ಹೆಚ್ಚಾಗಿ ಇಲ್ಲಿಂದಲೇ ಬರುವ ವಂಚನೆ.

ಎಲ್ಲ ಪಾಪ್‌ಅಪ್‌ಗಳೂ ಕಾಟವಲ್ಲ. ಐಫೋನ್‌ನಲ್ಲಿ 'ಕ್ಯಾರಿಯರ್ ಸೆಟ್ಟಿಂಗ್ಸ್ ಅಪ್‌ಡೇಟ್' ಎಂದು ಬಂದರೆ ಅದು ನೆಟ್‌ವರ್ಕ್ ಸರಿಯಾಗಿ ನಡೆಯಲು ಬೇಕಾದದ್ದು, ಒಪ್ಪಿಕೊಳ್ಳಿ. ಸಿಮ್ ಬದಲಿಸಿದಾಗ ಐಮೆಸೇಜ್ ಸಕ್ರಿಯ ಮಾಡಲು ಎಸ್‌ಎಂಎಸ್ ಶುಲ್ಕ ಬೀಳಬಹುದು ಎಂದು ಕೇಳುವುದೂ ನಿಜವಾದದ್ದೇ.

ಕಂಪನಿಗೆ ಹೇಳುವಾಗ

'ಮೆಸೇಜ್ ಬರ್ತಿದೆ, ನಿಲ್ಲಿಸಿ' ಎಂದರೆ ಗ್ರಾಹಕ ಸೇವೆಯವರು ಸಾಮಾನ್ಯ ಎಸ್‌ಎಂಎಸ್ ನಿಲ್ಲಿಸಿ ದೂರು ಮುಗಿಸಿಬಿಡುತ್ತಾರೆ. ದಾರಿಯ ಹೆಸರು ಹೇಳಿ: ಸಿಮ್ ಟೂಲ್‌ಕಿಟ್ ಪ್ರಚಾರ ಸೇವೆ, ಫ್ಲ್ಯಾಶ್ ಮೆಸೇಜ್, ಅಥವಾ ಕರೆಯ ನಂತರದ ಯುಎಸ್‌ಎಸ್‌ಡಿ. ಸ್ಕ್ರೀನ್‌ಶಾಟ್, ದಿನಾಂಕ, ಸಮಯ ಕೊಡಿ. ಅದೇ ಕರೆಯಲ್ಲಿ, ನಿಮ್ಮ ನಂಬರಿನಲ್ಲಿ ಈಗ ಚಾಲ್ತಿಯಲ್ಲಿರುವ ಹಣದ ಸೇವೆಗಳ ಪಟ್ಟಿ ಕೇಳಿ. ಹಿಂದೆ ಯಾವಾಗಲೋ ಒತ್ತಿದ ಓಕೆಯಿಂದ ಶುರುವಾದ ಸೇವೆ ಇನ್ನೂ ನಡೆಯುತ್ತಿರಬಹುದು. ಇದ್ದರೆ ನಿಲ್ಲಿಸಿ, ಹಣ ವಾಪಸ್ ಕೇಳಿ. ದೂರಿನ ಸಂಖ್ಯೆ ಪಡೆಯದೆ ಕರೆ ಮುಗಿಸಬೇಡಿ.

ಬೇಡದ ಎಸ್‌ಎಂಎಸ್ ತಡೆಯಲು ದೇಶದೇಶಗಳಲ್ಲಿ ಬೇರೆ ಬೇರೆ ವ್ಯವಸ್ಥೆ ಇದೆ. ಭಾರತದಲ್ಲಿ 1909 ಎಂಬ ನಂಬರಿನಲ್ಲಿ ನೋಂದಾಯಿಸಬಹುದು. ಅಮೆರಿಕ, ಬ್ರಿಟನ್‌ನಲ್ಲಿ 7726ಕ್ಕೆ ಆ ಮೆಸೇಜ್ ಕಳಿಸಬಹುದು. ಉಳಿಸಿಕೊಂಡ ಫ್ಲ್ಯಾಶ್ ಮೆಸೇಜ್ ಬಗ್ಗೆ ಇಲ್ಲಿ ದೂರು ಕೊಡಬಹುದು. ಆದರೆ ಇವು ಇರುವುದು ಕರೆ ಮತ್ತು ಎಸ್‌ಎಂಎಸ್‌ಗೆ. ಸಿಮ್ ಒಳಗಿನ ಮೆನುವನ್ನು ಮುಟ್ಟುವುದಿಲ್ಲ. ಅದನ್ನು ಫೋನಿನಲ್ಲೇ ಆಫ್ ಮಾಡಬೇಕು, ಇಲ್ಲವೇ ಕಂಪನಿಗೆ ಹೇಳಿ ನಿಲ್ಲಿಸಬೇಕು.

ಸಿಮ್ ಮೆನುವಿನಲ್ಲಿ ಒಮ್ಮೆ ಆಫ್ ಮಾಡಿದ್ದು ಸಾಮಾನ್ಯವಾಗಿ ಆ ಸಿಮ್‌ನಲ್ಲೋ ಕಂಪನಿಯ ದಾಖಲೆಯಲ್ಲೋ ಉಳಿಯುತ್ತದೆ, ಆದ್ದರಿಂದ ಫೋನ್ ಬದಲಿಸಿದರೂ ಕಾಟ ಮರಳುವುದು ಕಡಿಮೆ. ಸಿಮ್ ಬದಲಿಸಿದರೆ ಮಾತ್ರ ಅದೇ ಮೆನು ಮತ್ತೆ ತೆರೆದು ನೋಡಿ. ಎಡಿಬಿಯಿಂದ ಟೂಲ್‌ಕಿಟ್ ನಿಷ್ಕ್ರಿಯ ಮಾಡಿದ್ದರೆ ಕತೆ ತಿರುಗುಮುರುಗು: ಫ್ಯಾಕ್ಟರಿ ರೀಸೆಟ್ ಆದ ಮೇಲೆ ಅದು ಮತ್ತೆ ಜೀವ ಪಡೆಯುತ್ತದೆ, ಸಿಸ್ಟಂ ಅಪ್‌ಡೇಟ್ ಆದಮೇಲೂ ಒಮ್ಮೆ ಪರೀಕ್ಷಿಸಿಕೊಳ್ಳಿ.